ಅನಿಲ ಅಧಿಶೋಷಣೆಯಿಂದ ಪುಡಿಯ ಮೇಲ್ಮೈ ವಿಸ್ತೀರ್ಣ ಅಳೆಯುವುದು ಹೇಗೆ: ಬಿಇಟಿ ವಿಧಾನದ ಸಮಗ್ರ ಮಾರ್ಗದರ್ಶಿ

ಒಂದು ಗ್ರಾಂ ಗಾಮಾ ಅಲ್ಯೂಮಿನಾ ಪುಡಿ ಅರ್ಧ ಟೀ ಚಮಚವನ್ನೂ ತುಂಬುವುದಿಲ್ಲ. ಆದರೆ ಅದರ ಕಣಗಳ ಹೊರಮೈ, ಒಳಗಿನ ರಂಧ್ರಗಳ ಗೋಡೆ ಎಲ್ಲವನ್ನೂ ಬಿಡಿಸಿ ಹಾಸಿದರೆ ಸುಮಾರು 200 ಚದರ ಮೀಟರ್ ಆಗುತ್ತದೆ. ಎಂದರೆ 30×40 ಅಡಿಯ ಎರಡು ಸೈಟುಗಳಿಗೆ ತುಸು ಕಡಿಮೆ. ಒಳ್ಳೆಯ ಸಕ್ರಿಯ ಇದ್ದಿಲಿನ ಒಂದು ಗ್ರಾಂ 1000 ಚದರ ಮೀಟರ್ ದಾಟಬಹುದು. ವೇಗವರ್ಧಕ ಎಷ್ಟು ಚುರುಕಾಗಿ ಕೆಲಸ ಮಾಡುತ್ತದೆ, ಮಾತ್ರೆಯ ಪುಡಿ ಎಷ್ಟು ಬೇಗ ಕರಗುತ್ತದೆ, ಬ್ಯಾಟರಿಯ ಎಲೆಕ್ಟ್ರೋಡ್ ಎಲೆಕ್ಟ್ರೋಲೈಟನ್ನು ಎಷ್ಟು ಮುಟ್ಟುತ್ತದೆ ಎಂಬುದೆಲ್ಲ ಈ ಸಂಖ್ಯೆಗೆ ಅಂಟಿಕೊಂಡಿದೆ.

ಇದನ್ನು ಅಳೆಯಲು ಇಂದು ಎಲ್ಲ ಕಡೆ ಬಳಸುವುದು ಬಿಇಟಿ ವಿಧಾನ. ಸ್ಟೀಫನ್ ಬ್ರೂನೌವರ್, ಪಾಲ್ ಎಮ್ಮೆಟ್, ಎಡ್ವರ್ಡ್ ಟೆಲ್ಲರ್ ಈ ಮೂವರು (ಇವರ ಹೆಸರಿನ ಮೊದಲ ಅಕ್ಷರಗಳೇ ಬಿಇಟಿ) 1938ರಲ್ಲಿ ಕೊಟ್ಟ ಸಮೀಕರಣ ಇದರ ತಳಹದಿ. ಬ್ರೂನೌವರ್ ಮತ್ತು ಎಮ್ಮೆಟ್ ಆಗ ಅಮೋನಿಯಾ ತಯಾರಿಕೆಯ ಕಬ್ಬಿಣದ ವೇಗವರ್ಧಕಗಳ ಮೇಲೆ ಕೆಲಸ ಮಾಡುತ್ತಿದ್ದರು. ಉಪಾಯ ಸರಳ: ಪುಡಿಯನ್ನು ದ್ರವ ನೈಟ್ರೋಜನ್‌ನ ತಾಪಕ್ಕೆ ತಂದು, ಸ್ವಲ್ಪಸ್ವಲ್ಪವೇ ನೈಟ್ರೋಜನ್ ಅನಿಲ ಬಿಟ್ಟು, ಮೇಲ್ಮೈಗೆ ಎಷ್ಟು ಅಂಟಿತು ಎಂದು ನೋಡುವುದು. ಹೀಗೆ ಅನಿಲ ಮೇಲ್ಮೈಗೆ ಅಂಟುವುದೇ ಅಧಿಶೋಷಣೆ. ಒಂದೇ ಪದರ ಹಾಸಲು ಬೇಕಾದ ಅಣುಗಳ ಲೆಕ್ಕ ಸಿಕ್ಕರೆ, ಪ್ರತಿ ಅಣು ಹಿಡಿಯುವ ಜಾಗದಿಂದ ಗುಣಿಸಿದರಾಯಿತು. ನೈಟ್ರೋಜನ್ ಅಣುವಿಗೆ ಆ ಜಾಗ 0.162 ಚದರ ನ್ಯಾನೋಮೀಟರ್ ಎಂದು ಒಪ್ಪಿಕೊಳ್ಳಲಾಗಿದೆ.

ಸಿಮೆಂಟ್ ಕ್ಷೇತ್ರದವರಿಗೆ ಇಲ್ಲೊಂದು ಮಾತು. ಕಲಬುರಗಿ ಸೀಮೆಯ ಸಿಮೆಂಟ್ ಕಾರ್ಖಾನೆಗಳಲ್ಲಿ ದಿನವೂ ನೋಡುವ ಬ್ಲೇನ್ ಸಂಖ್ಯೆಗೂ (ಸಿಮೆಂಟ್ ಎಷ್ಟು ನಯ ಎಂಬುದರ ಅಳತೆ) ಬಿಇಟಿ ಸಂಖ್ಯೆಗೂ ತಾಳೆ ಬೀಳುವುದಿಲ್ಲ, ಬೀಳಲೂಬಾರದು. ಬ್ಲೇನ್‌ನಲ್ಲಿ ಗಾಳಿ ಕಣಗಳ ಸಂದಿನಲ್ಲಿ ಹರಿದು ಹೋಗುತ್ತದೆ, ಹಾಗಾಗಿ ಹೊರ ಆಕಾರ ಮಾತ್ರ ಲೆಕ್ಕಕ್ಕೆ ಸಿಗುತ್ತದೆ. ನೈಟ್ರೋಜನ್ ಅಣು ಪ್ರತಿ ಬಿರುಕಿಗೂ ನುಗ್ಗುತ್ತದೆ. ಬ್ಲೇನ್ ಗ್ರಾಂಗೆ 0.3–0.4 ಚದರ ಮೀಟರ್ ತೋರಿಸುವ ಸಿಮೆಂಟಿಗೆ ಬಿಇಟಿ 1 ಅಥವಾ ಅದಕ್ಕೂ ಹೆಚ್ಚು ತೋರಿಸುವುದು ಸಹಜ.

ಕೆಳಗಿನ ಹಂತಗಳು ನಿಶ್ಚಲ ಪರಿಮಾಣ ವಿಧಾನದ ಯಂತ್ರಕ್ಕೆ ಬರೆದವು. ಗೊತ್ತಿರುವ ಪರಿಮಾಣದ ಕೋಣೆಯಿಂದ ಅನಿಲ ಬಿಟ್ಟು, ಒತ್ತಡ ಇಳಿದದ್ದನ್ನು ನೋಡಿ ಅಧಿಶೋಷಣೆಯನ್ನು ಲೆಕ್ಕ ಹಾಕುವ ಯಂತ್ರ ಇದು. ಉದಾಹರಣೆಗೆ ಗಾಮಾ ಅಲ್ಯೂಮಿನಾ ಇಟ್ಟುಕೊಂಡಿದ್ದೇವೆ.

## 1. ಎಷ್ಟು ಸ್ಯಾಂಪಲ್ ಬೇಕು

ಇಲ್ಲಿ ಮುಖ್ಯವಾದದ್ದು ಟ್ಯೂಬಿನೊಳಗಿನ ಒಟ್ಟು ವಿಸ್ತೀರ್ಣ. ಸಾಮಾನ್ಯ ನೈಟ್ರೋಜನ್ ಅಳತೆಗೆ ಅದು 20ರಿಂದ 40 ಚದರ ಮೀಟರ್ ಇರುವಂತೆ ನೋಡಿಕೊಳ್ಳಿ. ಗ್ರಾಂಗೆ 200 ನಿರೀಕ್ಷೆ ಇರುವ ಅಲ್ಯೂಮಿನಾ ಆದರೆ 0.15–0.20 ಗ್ರಾಂ ಸಾಕು. ಗ್ರಾಂಗೆ 1 ಇರುವ ಪುಡಿಯಾದರೆ ಟ್ಯೂಬಿನ ಬುಡ್ಡೆ ಹಿಡಿಯುವಷ್ಟು, 3–5 ಗ್ರಾಂ ಹಾಕಿ. ಇದ್ದಿಲಿಗೆ ಲೆಕ್ಕದ ಪ್ರಕಾರ 0.03 ಗ್ರಾಂ ಸಾಕೆನಿಸಿದರೂ 0.1 ಗ್ರಾಂಗಿಂತ ಕೆಳಗಿಳಿಯಬೇಡಿ. ತಕ್ಕಡಿಯಲ್ಲಿ ಅರ್ಧ ಮಿಲಿಗ್ರಾಂ ತಪ್ಪಿದರೆ 0.03 ಗ್ರಾಂನಲ್ಲಿ ಅದು ಸುಮಾರು 1.7%, 0.1 ಗ್ರಾಂನಲ್ಲಿ 0.5%.

ಪುಡಿಯ ವಿಸ್ತೀರ್ಣದ ಅಂದಾಜೇ ಇಲ್ಲದಿದ್ದರೆ ಕಣದ ಗಾತ್ರದಿಂದ ಕೆಳಮಿತಿ ತೆಗೆಯಬಹುದು: 6ನ್ನು ಸಾಂದ್ರತೆ ಮತ್ತು ವ್ಯಾಸದ ಗುಣಲಬ್ಧದಿಂದ ಭಾಗಿಸಿ. ಸಾಂದ್ರತೆ ಘನ ಸೆಂ.ಮೀ.ಗೆ ಗ್ರಾಂನಲ್ಲಿ, ವ್ಯಾಸ ಮೈಕ್ರಾನ್‌ನಲ್ಲಿ ಇದ್ದರೆ ಉತ್ತರ ಗ್ರಾಂಗೆ ಚದರ ಮೀಟರ್‌ನಲ್ಲಿ ಬರುತ್ತದೆ. 100 ಮೈಕ್ರಾನ್‌ನ ನುಣುಪಾದ ಸ್ಫಟಿಕ ಮರಳಿಗೆ 6/(2.65×100), ಎಂದರೆ ಸುಮಾರು 0.023. ಅಳತೆಯಲ್ಲಿ ಇದಕ್ಕಿಂತ ಕಡಿಮೆ ಬಂದರೆ ಎಲ್ಲೋ ತಪ್ಪಾಗಿದೆ ಎಂದೇ ಅರ್ಥ. ಹೆಚ್ಚು ಬಂದರೆ ಒರಟುತನ ಅಥವಾ ರಂಧ್ರಗಳಿವೆ.

ಚೀಲದ ಮೇಲ್ಭಾಗದಿಂದ ಒಂದು ಚಮಚ ಎತ್ತಿ ಹಾಕಬೇಡಿ. ಸಾಗಾಟದಲ್ಲಿ ಸಣ್ಣ ಕಣ ಕೆಳಗಿಳಿದು ದಪ್ಪ ಕಣ ಮೇಲೆ ಬಂದಿರುತ್ತದೆ. ಪುಡಿಯನ್ನು ಹರಡಿ, ನಾಲ್ಕು ಪಾಲು ಮಾಡಿ, ಎದುರುಬದುರು ಪಾಲು ಸೇರಿಸುತ್ತಾ ಇಳಿಸಿಕೊಂಡು ಬನ್ನಿ.

## 2. ಟ್ಯೂಬ್ ಮತ್ತು ತೂಕ

ಟ್ಯೂಬನ್ನು ಸೋಪಿನ ನೀರು, ಶುದ್ಧ ನೀರು, ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ತೊಳೆದು 110 °ಸೆ. ಓವನ್‌ನಲ್ಲಿ ಒಣಗಿಸಿ. ಒಳಗೆ ಹಾಕುವ ಗಾಜಿನ ಕಡ್ಡಿಯನ್ನೂ ಹಾಗೆಯೇ ತೊಳೆಯಿರಿ. ಟ್ಯೂಬಿನ ಕೊಳವೆಯಲ್ಲಿ ಖಾಲಿ ಜಾಗ ಕಡಿಮೆ ಮಾಡುವುದು ಈ ಕಡ್ಡಿಯ ಕೆಲಸ. ಒಟ್ಟು ವಿಸ್ತೀರ್ಣ ಕಡಿಮೆ ಇರುವಾಗ ಇದು ತುಂಬಾ ನೆರವಾಗುತ್ತದೆ. ಉದ್ದ ಕೊಳವೆಯ ಫನೆಲ್ ಬಳಸಿ ಪುಡಿಯನ್ನು ನೇರ ಬುಡ್ಡೆಗೇ ಇಳಿಸಿ. ಕೊಳವೆಯ ಗೋಡೆಗೆ ಅಂಟಿದ ಪುಡಿ ದ್ರವ ನೈಟ್ರೋಜನ್ ಮಟ್ಟಕ್ಕಿಂತ ಮೇಲೆ ಉಳಿದುಬಿಡುತ್ತದೆ. ತೂಕದಲ್ಲಿ ಸೇರುತ್ತದೆ, ಅಳತೆಯಲ್ಲಿ ಸೇರುವುದಿಲ್ಲ.

ತೂಕದಲ್ಲಿ ಆಗುವ ಒಂದು ತಪ್ಪನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಇದು ಯಂತ್ರದ ಪರದೆಯಲ್ಲಿ ಎಲ್ಲೂ ಕಾಣುವುದಿಲ್ಲ. ಖಾಲಿ ಟ್ಯೂಬನ್ನು ಗಾಳಿ ತುಂಬಿರುವಾಗ ತೂಗಿದಿರಿ. ಡೀಗ್ಯಾಸ್ (ಪುಡಿಗೆ ಅಂಟಿದ ಆವಿ, ಅನಿಲ ಬಿಡಿಸುವುದು; ಮುಂದಿನ ಹಂತ) ಆದ ಮೇಲೆ ಹೀಲಿಯಂ ತುಂಬಿ ತೂಗಿದಿರಿ. ಗಾಳಿಗೂ ಹೀಲಿಯಂಗೂ ಘನ ಸೆಂ.ಮೀ.ಗೆ ಸುಮಾರು 1 ಮಿಲಿಗ್ರಾಂ ವ್ಯತ್ಯಾಸ. ಟ್ಯೂಬಿನ ಒಳಜಾಗ 25 ಘನ ಸೆಂ.ಮೀ. ಆದರೆ 25 ಮಿಲಿಗ್ರಾಂ ಮಾಯ! ಸ್ಯಾಂಪಲ್ 200 ಮಿಲಿಗ್ರಾಂ ಇದ್ದದ್ದು 175 ಎಂದು ದಾಖಲಾಗುತ್ತದೆ, ವಿಸ್ತೀರ್ಣ 14% ಹೆಚ್ಚಾಗಿ ಬರುತ್ತದೆ. ನೈಟ್ರೋಜನ್ ತುಂಬಿದರೆ ಗಾಳಿಗೂ ಅದಕ್ಕೂ ಭೇದ ಅತ್ಯಲ್ಪ. ಎಲ್ಲಕ್ಕಿಂತ ಒಳ್ಳೆಯದು, ಖಾಲಿ ಟ್ಯೂಬನ್ನೂ ಅದೇ ಮುಚ್ಚಳ, ಅದೇ ಕಡ್ಡಿ ಸಮೇತ ಒಮ್ಮೆ ನಿರ್ವಾತ ಮಾಡಿ ನೈಟ್ರೋಜನ್ ತುಂಬಿಯೇ ತೂಗುವುದು.

## 3. ಡೀಗ್ಯಾಸಿಂಗ್

ಗಾಳಿಯಲ್ಲಿದ್ದ ಪುಡಿಯ ಮೈಮೇಲೆ ನೀರಿನ ಆವಿ, ಇಂಗಾಲದ ಡೈಆಕ್ಸೈಡ್ ಆಗಲೇ ಕೂತಿರುತ್ತವೆ. ಅವನ್ನು ಎಬ್ಬಿಸದೆ ನೈಟ್ರೋಜನ್‌ಗೆ ಜಾಗವಿಲ್ಲ. ಬಿಇಟಿ ಅಳತೆಯಲ್ಲಿ ಕೆಡುವ ಫಲಿತಾಂಶಗಳ ದೊಡ್ಡ ಪಾಲು ಕೆಡುವುದು ಈ ಹಂತದಲ್ಲೇ. ಯಂತ್ರ ಎಷ್ಟೇ ದುಬಾರಿಯಾದರೂ ಸರಿಯಾಗಿ ಡೀಗ್ಯಾಸ್ ಆಗದ ಪುಡಿಯಿಂದ ಸರಿಯಾದ ಸಂಖ್ಯೆ ಬರಲಾರದು.

ತಾಪಮಾನದ ನಿಯಮ ಎರಡು ಕಡೆಯಿಂದ ಎಳೆಯುತ್ತದೆ. ನೀರು ಬಿಡುವಷ್ಟು ಬಿಸಿ ಇರಬೇಕು, ಪುಡಿಯೇ ಬದಲಾಗುವಷ್ಟು ಇರಬಾರದು. ಗಾಮಾ ಅಲ್ಯೂಮಿನಾವನ್ನು ಸುಮಾರು 500 °ಸೆ.ನಲ್ಲಿ ಸುಟ್ಟೇ ಮಾಡುವುದರಿಂದ 300 °ಸೆ. ಅದಕ್ಕೆ ತೊಂದರೆ ಕೊಡದು. ಆದರೆ ಅದೇ 300 °ಸೆ.ಗೆ ಅಲ್ಯೂಮಿನಿಯಂ ಹೈಡ್ರಾಕ್ಸೈಡ್, ಎಂದರೆ ಗಿಬ್ಸೈಟ್, ಒಯ್ದರೆ ಅದರೊಳಗಿನ ನೀರು ಹೊರಬಿದ್ದು ಹೊಸ ರಂಧ್ರಗಳು ಹುಟ್ಟುತ್ತವೆ. ಒಂದಂಕಿಯಲ್ಲಿದ್ದ ವಿಸ್ತೀರ್ಣ ಮೂರಂಕಿಗೆ ಹಾರುತ್ತದೆ. ಆಗ ನೀವು ಅಳೆದದ್ದು ಕೊಟ್ಟ ಪುಡಿಯನ್ನಲ್ಲ, ಟ್ಯೂಬಿನಲ್ಲಿ ತಯಾರಾದ ಬೇರೊಂದನ್ನು. ಸಿಮೆಂಟಿನಲ್ಲಿರುವ ಜಿಪ್ಸಂ ನಿರ್ವಾತದಲ್ಲಿ ಬೇಗ ನೀರು ಬಿಡುತ್ತದೆ, ಆದ್ದರಿಂದ ಸಿಮೆಂಟ್ ಫಲಿತಾಂಶಕ್ಕೆ ಡೀಗ್ಯಾಸ್ ವಿವರವಿಲ್ಲದಿದ್ದರೆ ಬೆಲೆಯೇ ಇಲ್ಲ. ಮಾತ್ರೆಗಳಲ್ಲಿ ಜಾರುಕವಾಗಿ ಬಳಸುವ ಮೆಗ್ನೀಸಿಯಂ ಸ್ಟಿಯರೇಟ್ ಮೇಣದಂಥ ವಸ್ತು. ಅಮೆರಿಕದ ಔಷಧ ಸಂಹಿತೆ ಅದಕ್ಕೆ 40 °ಸೆ., 2 ಗಂಟೆ ಎಂದು ಕಟ್ಟುನಿಟ್ಟಾಗಿ ಹೇಳುತ್ತದೆ.

ಹೊಸ ವಸ್ತುವಾದರೆ ಮೊದಲು ಟಿಜಿಎ (ಬಿಸಿ ಮಾಡುತ್ತಾ ತೂಕದ ಬದಲಾವಣೆ ಅಳೆಯುವ ಪರೀಕ್ಷೆ) ನೋಡಿ. ತೂಕ ಇಳಿದು ಸಮತಟ್ಟಾದ ಭಾಗದೊಳಗೇ ತಾಪ ಆರಿಸಿ. ಟಿಜಿಎ ಇಲ್ಲದಿದ್ದರೆ ಕಡಿಮೆ ತಾಪದಿಂದ ಶುರುಮಾಡಿ, ಎರಡು ಬೇರೆ ಅವಧಿ ಅಥವಾ ಎರಡು ಬೇರೆ ತಾಪದಲ್ಲಿ ಡೀಗ್ಯಾಸ್ ಮಾಡಿ ಅಳೆಯಿರಿ. ಸಂಖ್ಯೆ ಒಂದೇ ಬಂದರೆ ಸರಿ.

ಅಲ್ಯೂಮಿನಾಗೆ ಕ್ರಮ ಹೀಗೆ:

ನಿರ್ವಾತದ ಕವಾಟವನ್ನು ನಿಧಾನ ತೆರೆಯಿರಿ. ಒಮ್ಮೆಲೇ ತೆರೆದರೆ ಕಣಗಳ ನಡುವಿನ ಗಾಳಿ ನುಗ್ಗಿ ಬಂದು ಪುಡಿ ಹಾಲುಕ್ಕಿದಂತೆ ಕೊಳವೆಗೆ ಏರುತ್ತದೆ. ಒಂದಷ್ಟು ಯಂತ್ರದೊಳಕ್ಕೂ ಹೋಗುತ್ತದೆ. ಕವಾಟದ ಸೀಲಿನ ಮೇಲೆ ಕೂತ ಒಂದು ಕಣ ತಿಂಗಳುಗಟ್ಟಲೆ ಸಣ್ಣ ಸೋರಿಕೆಗೆ ಕಾರಣವಾಗಬಲ್ಲದು. ಫ್ಯೂಮ್ಡ್ ಸಿಲಿಕಾದಂಥ ಹಗುರ ಪುಡಿಗೆ ಫಿಲ್ಟರ್ ಇರುವ ಮುಚ್ಚಳ ಹಾಕಿ. ಅಥವಾ ಪುಡಿಯನ್ನು ಮೆಲ್ಲಗೆ ಒತ್ತಿ ಬಿಲ್ಲೆ ಮಾಡಿ ಒಡೆದು ಹಾಕಿ. ಜೋರಾಗಿ ಒತ್ತಿದರೆ ರಂಧ್ರಗಳೇ ಕುಸಿಯುತ್ತವೆ.

ಒತ್ತಡ ಇಳಿದ ಮೇಲೆ ನಿಮಿಷಕ್ಕೆ 5 °ಸೆ.ನಂತೆ 90 °ಸೆ.ಗೆ ಏರಿಸಿ, 30–60 ನಿಮಿಷ ಅಲ್ಲೇ ನಿಲ್ಲಿಸಿ. ಹೆಚ್ಚಿನ ನೀರು ಇಲ್ಲೇ ಹೋಗುತ್ತದೆ. ನೇರ 300ಕ್ಕೆ ಒಯ್ದರೆ ಆ ನೀರು ಹಬೆಯಾಗಿ ರಂಧ್ರದ ಗೋಡೆಗಳಿಗೇ ಹಾನಿ ಮಾಡಬಹುದು. ಅತಿ ಸಣ್ಣ ರಂಧ್ರಗಳ ಖನಿಜಗಳಾದ ಜಿಯೋಲೈಟ್‌ಗಳಲ್ಲಿ ಇದು ಹೆಚ್ಚು, ಅವಕ್ಕೆ ನಿಮಿಷಕ್ಕೆ 1–2 °ಸೆ. ವೇಗ, 350 °ಸೆ., ಆರು ಗಂಟೆ ಅಥವಾ ಇಡೀ ರಾತ್ರಿ ಕೊಡಿ. ಅಲ್ಯೂಮಿನಾವನ್ನು 90ರಿಂದ 300ಕ್ಕೆ ಏರಿಸಿ 3–4 ಗಂಟೆ ಬಿಡಿ. ಒತ್ತಡ 10 ಮಿಲಿಟಾರ್, ಎಂದರೆ ಸುಮಾರು 1.3 ಪಾಸ್ಕಲ್‌ಗಿಂತ ಕೆಳಗೆ ನಿಲ್ಲಬೇಕು.

ಮುಗಿಯಿತೇ ಎಂದು ತಿಳಿಯಲು ಪಂಪಿನಿಂದ ಟ್ಯೂಬನ್ನು ಬೇರ್ಪಡಿಸಿ ಕೆಲವು ನಿಮಿಷ ಒತ್ತಡ ನೋಡಿ. ಏರಿಕೆ ಒಂದೇ ವೇಗದಲ್ಲಿ ನಿಲ್ಲದೆ ಸಾಗಿದರೆ ಸೋರಿಕೆ: ಓ-ರಿಂಗ್ ತೆಗೆದು ಒರೆಸಿ ನೋಡಿ, ಅಲ್ಲೊಂದು ಕಣವೋ ನೂಲೋ ಸಿಕ್ಕಿರುತ್ತದೆ. ಮೊದಲು ಏರಿ ಆಮೇಲೆ ಮಂದವಾದರೆ ಪುಡಿ ಇನ್ನೂ ಅನಿಲ ಬಿಡುತ್ತಿದೆ, ಕಾಯಬೇಕು.

ತಣಿದ ಮೇಲೆ ನೈಟ್ರೋಜನ್ ತುಂಬಿ, ಮುಚ್ಚಿ, ತೂಗಿ. ಲೆಕ್ಕಕ್ಕೆ ಹಿಡಿಯಬೇಕಾದದ್ದು ಈ ತೂಕ. 0.2150 ಗ್ರಾಂ ಹಾಕಿದ ಅಲ್ಯೂಮಿನಾ ನೀರು ಬಿಟ್ಟು 0.1998ಕ್ಕೆ ಇಳಿದಿದ್ದರೆ, ಹಳೆಯ ತೂಕ ಹಾಕಿದವರಿಗೆ ವಿಸ್ತೀರ್ಣ 7% ಕಡಿಮೆ ಬರುತ್ತದೆ. ಮುಚ್ಚಳ ತೆಗೆದು ಇಡಬೇಡಿ. ಕರಾವಳಿಯ ಮಳೆಗಾಲದ ಗಾಳಿಯಲ್ಲಿ ಒಣ ಅಲ್ಯೂಮಿನಾ ಕೆಲವೇ ನಿಮಿಷಗಳಲ್ಲಿ ಮತ್ತೆ ನೀರು ಹಿಡಿಯತೊಡಗುತ್ತದೆ.

## 4. ದ್ರವ ನೈಟ್ರೋಜನ್ ಮತ್ತು ಸಂತೃಪ್ತ ಒತ್ತಡ

ಮೊದಲು ಸುರಕ್ಷತೆ. ಒಂದು ಲೀಟರ್ ದ್ರವ ನೈಟ್ರೋಜನ್ ಆವಿಯಾದರೆ ಸುಮಾರು 700 ಲೀಟರ್ ಅನಿಲ. ಕಿಟಕಿ ಮುಚ್ಚಿದ ಸಣ್ಣ ಕೋಣೆಯಲ್ಲಿ ಆಮ್ಲಜನಕದ ಪ್ರಮಾಣ ಅರಿವಿಗೇ ಬಾರದಂತೆ ಇಳಿಯುತ್ತದೆ, ತಲೆಸುತ್ತುವ ಮೊದಲೇ ಪ್ರಜ್ಞೆ ತಪ್ಪಬಹುದು. ಗಾಳಿ ಆಡಬೇಕು, ಆಮ್ಲಜನಕ ಅಲಾರಂ ಇರಬೇಕು. ಸಡಿಲವಾದ ಶೀತಕ ಕೈಗವಸು, ಮುಖಕವಚ ಕಡ್ಡಾಯ. ದ್ರವ ನೈಟ್ರೋಜನ್ ಇಡುವ ಡ್ಯೂವರ್ ಪಾತ್ರೆಯನ್ನು ಎಂದೂ ಬಿಗಿಯಾಗಿ ಮುಚ್ಚಬೇಡಿ. ಅನಿಲ ಹೀರಿದ ತಣ್ಣಗಿನ ಟ್ಯೂಬನ್ನು ಮುಚ್ಚಿ ಬೆಚ್ಚಗಾಗಲು ಬಿಟ್ಟರೆ ಅದು ಸಿಡಿಯಬಹುದು.

ಈಗ ಸಂತೃಪ್ತ ಒತ್ತಡ. ಬಿಇಟಿಯ ಎಲ್ಲ ಲೆಕ್ಕವೂ ಸಾಪೇಕ್ಷ ಒತ್ತಡದ ಮೇಲೆ ನಿಂತಿದೆ. ಟ್ಯೂಬಿನೊಳಗಿನ ಒತ್ತಡವನ್ನು ಆ ತಾಪದಲ್ಲಿ ನೈಟ್ರೋಜನ್ ದ್ರವವಾಗುವ ಒತ್ತಡದಿಂದ (ಇದೇ ಸಂತೃಪ್ತ ಒತ್ತಡ) ಭಾಗಿಸಿದರೆ ಸಿಗುವುದೇ ಸಾಪೇಕ್ಷ ಒತ್ತಡ. ಪಠ್ಯಗಳಲ್ಲಿ 77.35 ಕೆಲ್ವಿನ್, 760 ಟಾರ್ ಎಂದಿರುತ್ತದೆ. ಅದು ಸಮುದ್ರಮಟ್ಟದ ಮಾತು, ಮಂಗಳೂರಿಗೆ ಸರಿಹೊಂದುತ್ತದೆ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ. ಅಲ್ಲಿ ವಾಯುಭಾರ 680–685 ಟಾರ್, ದ್ರವ ನೈಟ್ರೋಜನ್ ಕುದಿಯುವುದು ಸುಮಾರು 76.4 ಕೆಲ್ವಿನ್‌ನಲ್ಲಿ. ಸೆಟ್ಟಿಂಗ್‌ನಲ್ಲಿ 760 ಎಂದೇ ಬಿಟ್ಟು ಬೆಂಗಳೂರಿನಲ್ಲಿ ಅಳೆದರೆ ಎಲ್ಲ ಸಾಪೇಕ್ಷ ಒತ್ತಡಗಳೂ 10% ಕಡಿಮೆ ದಾಖಲಾಗುತ್ತವೆ. ಅಲ್ಯೂಮಿನಾದಂಥ ಪುಡಿಗೆ ವಿಸ್ತೀರ್ಣ ಸುಮಾರು 5% ಹೆಚ್ಚು ಬರುತ್ತದೆ. ಬಿಇಟಿ ರೇಖೆ ಮಾತ್ರ ನೇರವಾಗಿಯೇ ಕಾಣುವುದರಿಂದ ಯಾರಿಗೂ ಅನುಮಾನ ಬಾರದು.

ಆದ್ದರಿಂದ ಸಂತೃಪ್ತ ಒತ್ತಡವನ್ನು ಪ್ರತಿ ಸಲ ಅಳೆಯಿರಿ. ಯಂತ್ರದಲ್ಲಿ ಅದಕ್ಕೆಂದೇ ಬೇರೆ ಸಣ್ಣ ಕೊಳವೆ ಇರುತ್ತದೆ, ಸ್ಯಾಂಪಲ್ ಜೊತೆಗೇ ದ್ರವದಲ್ಲಿ ಮುಳುಗಿ ಕ್ಷಣಕ್ಷಣದ ಮೌಲ್ಯ ಕೊಡುತ್ತದೆ. ಅದು ಆ ದಿನದ ವಾಯುಭಾರಕ್ಕಿಂತ ಕೆಲವು ಟಾರ್ ಹೆಚ್ಚಿರುವುದು ಸಹಜ. 20 ಟಾರ್‌ಗಿಂತ ಹೆಚ್ಚಾದರೆ ದ್ರವ ಹಳತಾಗಿದೆ ಎಂದು ತಿಳಿಯಿರಿ. ತೆರೆದಿಟ್ಟ ಡ್ಯೂವರ್‌ಗೆ ಗಾಳಿಯ ಆಮ್ಲಜನಕ ದ್ರವವಾಗಿ ಸೇರುತ್ತದೆ. ಆಮ್ಲಜನಕ ಕುದಿಯುವುದು 90.2 ಕೆಲ್ವಿನ್‌ನಲ್ಲಾದ್ದರಿಂದ ಮಿಶ್ರಣ ಬೆಚ್ಚಗಾಗುತ್ತದೆ. ತಾಪ 0.1 ಕೆಲ್ವಿನ್ ಏರಿದರೂ ಸಂತೃಪ್ತ ಒತ್ತಡ ಸುಮಾರು 8 ಟಾರ್ ಏರುತ್ತದೆ. ದ್ರವದಲ್ಲಿ ತಿಳಿನೀಲಿ ಛಾಯೆ ಕಂಡರೆ ಅದು ಆಮ್ಲಜನಕ. ಎಣ್ಣೆ, ಹತ್ತಿ, ಇದ್ದಿಲ ಪುಡಿಯಿಂದ ದೂರ ಒಯ್ದು, ತೆರೆದ ಜಾಗದಲ್ಲಿ ತಾನಾಗಿ ಆವಿಯಾಗಲು ಬಿಡಿ.

ಡ್ಯೂವರ್ ತಳದಲ್ಲಿ ಮಂಜುಗಡ್ಡೆ ಸೇರಿದ್ದರೆ ಖಾಲಿ ಮಾಡಿ ಒಣಗಿಸಿ, ಇಲ್ಲವಾದರೆ ಡ್ಯೂವರ್ ಮೇಲೇರುವಾಗ ಟ್ಯೂಬಿನ ಬುಡ್ಡೆ ಅದಕ್ಕೆ ತಾಗಿ ಒಡೆಯುತ್ತದೆ. ಅಳತೆಯ ನಡುವೆ ದ್ರವ ಸುರಿಯಬೇಡಿ.

## 5. ಖಾಲಿ ಜಾಗದ ಅಳತೆ

ಟ್ಯೂಬಿನಲ್ಲಿ ಪುಡಿ ಬಿಟ್ಟು ಉಳಿದ ಜಾಗದಲ್ಲೂ ನೈಟ್ರೋಜನ್ ಇರುತ್ತದೆ, ಅದನ್ನು ಕಳೆಯಬೇಕು. ಇದಕ್ಕೆ ಅಂಟಿಕೊಳ್ಳದ ಹೀಲಿಯಂ ಬಳಸಿ ಕೋಣೆಯ ತಾಪದಲ್ಲಿ ಒಮ್ಮೆ, ದ್ರವ ನೈಟ್ರೋಜನ್‌ನಲ್ಲಿ ಮುಳುಗಿಸಿ ಇನ್ನೊಮ್ಮೆ ಅಳೆಯುತ್ತಾರೆ. ದ್ರವದ ಮಟ್ಟ ಇಳಿದಂತೆ ತಣ್ಣಗಿನ ಜಾಗ ಕಡಿಮೆಯಾಗುವುದರಿಂದ ಟ್ಯೂಬಿಗೆ ರಂಧ್ರಮಯ ಕವಚ ತೊಡಿಸಿ. ಅದು ದ್ರವವನ್ನು ಬತ್ತಿಯಂತೆ ಮೇಲಕ್ಕೆಳೆದು ಮಟ್ಟವನ್ನು ಕಾಯುತ್ತದೆ.

ಇದ್ದಿಲು, ಜಿಯೋಲೈಟ್‌ಗಳ ತೀರಾ ಕಿರಿದಾದ ರಂಧ್ರಗಳಲ್ಲಿ ಹೀಲಿಯಂ ಈ ತಾಪದಲ್ಲಿ ಸಿಕ್ಕಿಬೀಳುತ್ತದೆ. ಅಂಥವಕ್ಕೆ ಖಾಲಿ ಜಾಗವನ್ನು ನೈಟ್ರೋಜನ್ ಅಳತೆ ಮುಗಿದ ಮೇಲೆ ಅಳೆಯಿರಿ, ಇಲ್ಲವೇ ಹೀಲಿಯಂ ನಂತರ ಟ್ಯೂಬನ್ನು ಬೆಚ್ಚಗೆ ಮಾಡಿ ಮತ್ತೆ ನಿರ್ವಾತ ಮಾಡಿ.

## 6. ಅಳತೆಯ ಬಿಂದುಗಳು

ರಂಧ್ರವಿಲ್ಲದ ಅಥವಾ ಮಧ್ಯಮ ರಂಧ್ರಗಳ ಪುಡಿಗೆ ಸಾಪೇಕ್ಷ ಒತ್ತಡ 0.05ರಿಂದ 0.30ರ ನಡುವೆ ಕನಿಷ್ಠ ಐದು ಬಿಂದು ತೆಗೆದುಕೊಳ್ಳಿ. ಪ್ರತಿ ಬಿಂದುವಿನಲ್ಲಿ ಒತ್ತಡ ನಿಂತ ಮೇಲೆಯೇ ಮುಂದಿನದಕ್ಕೆ ಹೋಗಬೇಕು. ಸಮತೋಲನದ ಕಾಲ ಕಡಿಮೆ ಇಟ್ಟರೆ ಅಣುಗಳು ಒಳರಂಧ್ರ ತಲುಪುವ ಮೊದಲೇ ಯಂತ್ರ ಲೆಕ್ಕ ಬರೆದುಬಿಡುತ್ತದೆ, ವಿಸ್ತೀರ್ಣ ಕಡಿಮೆ ಬರುತ್ತದೆ. ಅನುಮಾನವಿದ್ದರೆ ಕಾಲವನ್ನು ದುಪ್ಪಟ್ಟು ಮಾಡಿ ಇನ್ನೊಮ್ಮೆ ಓಡಿಸಿ. ಸಮಯವಿದ್ದರೆ 0.99ರವರೆಗಿನ ಪೂರ್ಣ ಅಧಿಶೋಷಣೆ ಮತ್ತು ಮರಳು ದಾರಿ (ಒತ್ತಡ ಇಳಿಸುತ್ತಾ ಅಂಟಿದ ಅನಿಲ ಬಿಡಿಸುವುದು) ಎರಡನ್ನೂ ತೆಗೆಯಿರಿ, ರೇಖೆಯ ಆಕಾರವೇ ಎಷ್ಟೋ ಹೇಳುತ್ತದೆ.

## 7. ಲೆಕ್ಕ

ಸಾಪೇಕ್ಷ ಒತ್ತಡವನ್ನು "ಸಾ" ಎನ್ನೋಣ. ಆ ಬಿಂದುವಿನಲ್ಲಿ ಗ್ರಾಂಗೆ ಅಂಟಿದ ಅನಿಲದ ಪರಿಮಾಣ "ವಿ", ಪ್ರಮಾಣ ತಾಪ-ಒತ್ತಡದ ಘನ ಸೆಂ.ಮೀ.ನಲ್ಲಿ. ಪ್ರತಿ ಬಿಂದುವಿಗೆ

ಸಾ ÷ [ವಿ × (1 − ಸಾ)]

ಕಂಡುಹಿಡಿದು, ಅದನ್ನು "ಸಾ" ಎದುರು ಗುರುತಿಸಿ, ನೇರ ರೇಖೆ ಎಳೆಯಿರಿ. ರೇಖೆ ಲಂಬ ಅಕ್ಷವನ್ನು ಕತ್ತರಿಸುವ ಮೌಲ್ಯವೇ ಛೇದ. ಏಕಪದರ ಪರಿಮಾಣ = 1 ÷ (ಇಳಿಜಾರು + ಛೇದ). ಸಿ ಸ್ಥಿರಾಂಕ = 1 + (ಇಳಿಜಾರು ÷ ಛೇದ); ಅನಿಲ ಮೇಲ್ಮೈಗೆ ಎಷ್ಟು ಬಲವಾಗಿ ಅಂಟುತ್ತದೆ ಎಂಬುದರ ಸೂಚಕ ಇದು. ಏಕಪದರ ಪರಿಮಾಣವನ್ನು 4.353ರಿಂದ ಗುಣಿಸಿದರೆ ಗ್ರಾಂಗೆ ಚದರ ಮೀಟರ್. ಈ 4.353 ಬಂದದ್ದು ಆವೊಗ್ಯಾಡ್ರೊ ಸಂಖ್ಯೆಯನ್ನು 0.162 ಚದರ ನ್ಯಾನೋಮೀಟರ್‌ನಿಂದ ಗುಣಿಸಿ 22,414ರಿಂದ (ಒಂದು ಮೋಲ್ ಅನಿಲದ ಪರಿಮಾಣ, ಘನ ಸೆಂ.ಮೀ.ನಲ್ಲಿ) ಭಾಗಿಸಿದಾಗ.

ನಮ್ಮ ಅಲ್ಯೂಮಿನಾಗೆ ಇಳಿಜಾರು 0.02145, ಛೇದ 0.00019 ಬಂದಿದೆ ಎನ್ನಿ. ಕೂಡಿದರೆ 0.02164. ಏಕಪದರ ಪರಿಮಾಣ 46.21, ವಿಸ್ತೀರ್ಣ 201.1 ಚದರ ಮೀಟರ್, ಸಿ ಸುಮಾರು 114. ಒಂದೇ ಬಿಂದುವಿನಲ್ಲಿ, ಸಾ = 0.20, ವಿ = 55.80 ಹಿಡಿದು ಛೇದವನ್ನು ಸೊನ್ನೆ ಎಂದುಕೊಂಡರೆ 55.80 × 0.80 × 4.353, ಎಂದರೆ 194.3. ಮೂರು ಚಿಲ್ಲರೆ ಶೇಕಡಾ ಕಡಿಮೆ. ಒಂದೇ ವಸ್ತುವಿನ ಬ್ಯಾಚುಗಳನ್ನು ಹೋಲಿಸಲು ಏಕಬಿಂದು ಸಾಕು, ಹೊಸ ವಸ್ತುವಿಗೆ ಬೇಡ.

## 8. ಸಂಖ್ಯೆಯನ್ನು ನಂಬುವ ಮೊದಲು

ರೇಖೆಯ ಸಹಸಂಬಂಧ ಗುಣಾಂಕ 0.999ಕ್ಕಿಂತ ಮೇಲಿರಲಿ. ಆದರೆ ಅದೊಂದೇ ಸಾಲದು, ತಪ್ಪು ವ್ಯಾಪ್ತಿಯಲ್ಲೂ ರೇಖೆ ನೇರವಾಗಿ ಕಾಣಬಹುದು. ಸಿ ಸ್ಥಿರಾಂಕ ನೋಡಿ. ಆಕ್ಸೈಡ್‌ಗಳಿಗೆ 50ರಿಂದ 150 ಸಾಮಾನ್ಯ. 20ಕ್ಕಿಂತ ಕೆಳಗಾದರೆ ಅಣುಗಳು ಮೇಲ್ಮೈಗೆ ಸರಿಯಾಗಿ ಅಂಟುತ್ತಿಲ್ಲ, ಮೊದಲ ಪದರ ತುಂಬುವ ಮೊದಲೇ ಎರಡನೆಯದು ಏಳುತ್ತಿದೆ. ಕೆಲವು ನೂರು ದಾಟಿದರೆ ಸೂಕ್ಷ್ಮ ರಂಧ್ರಗಳಿರಬಹುದು. ಛೇದವೇ ಋಣಾತ್ಮಕವಾಗಿ ಸಿ ಸಹ ಋಣಾತ್ಮಕವಾದರೆ ಆ ಫಲಿತಾಂಶಕ್ಕೆ ಭೌತಿಕ ಅರ್ಥವೇ ಇಲ್ಲ. ಬಿಂದುಗಳನ್ನು ಕೆಳಗಿನ ಒತ್ತಡಕ್ಕೆ ಸರಿಸಿ.

ಎಷ್ಟು ಕೆಳಗೆ ಎಂದು ತಿಳಿಯಲು ರೂಕೆರೋಲ್ ಮಾನದಂಡಗಳಿವೆ. ವಿ × (1 − ಸಾ) ಮೌಲ್ಯ ಸಾಪೇಕ್ಷ ಒತ್ತಡದ ಜೊತೆ ಏರುತ್ತಲೇ ಇರುವ ಭಾಗವನ್ನಷ್ಟೇ ಬಳಸಿ. ಅದು ಇಳಿಯತೊಡಗಿದ ಮೇಲಿನ ಬಿಂದುಗಳನ್ನು ಬಿಟ್ಟುಬಿಡಿ. ಏಕಪದರ ಪರಿಮಾಣ ಬರುವ ಒತ್ತಡವೂ ಆರಿಸಿದ ವ್ಯಾಪ್ತಿಯ ಒಳಗೇ ಇರಬೇಕು. ಸಿ 114 ಇದ್ದರೆ ಆ ಒತ್ತಡ 1 ÷ (√114 + 1), ಸುಮಾರು 0.086, ಹಾಗಾಗಿ ನಮ್ಮ ಅಲ್ಯೂಮಿನಾ ಪಾಸು. ಇದ್ದಿಲು, ಜಿಯೋಲೈಟ್‌ಗಳಿಗೆ ವ್ಯಾಪ್ತಿ 0.005–0.05ರ ಆಸುಪಾಸಿಗೆ ಇಳಿಯುವುದು ಸಾಮಾನ್ಯ. ಅವುಗಳಲ್ಲಿ ಸಿಗುವುದನ್ನು "ತೋರಿಕೆಯ ಬಿಇಟಿ ವಿಸ್ತೀರ್ಣ" ಎಂದೇ ಬರೆಯಬೇಕು, ಏಕೆಂದರೆ ಕಿರಿದಾದ ರಂಧ್ರದಲ್ಲಿ ಪದರ ಹಾಸುವುದಿಲ್ಲ, ರಂಧ್ರವೇ ತುಂಬಿಹೋಗುತ್ತದೆ. ಇವಕ್ಕೆ 87.3 ಕೆಲ್ವಿನ್‌ನಲ್ಲಿ ಆರ್ಗಾನ್ ಉತ್ತಮ ಎಂದು ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟ ಐಯುಪಿಎಸಿಯ 2015ರ ಶಿಫಾರಸು ಹೇಳುತ್ತದೆ. ನೈಟ್ರೋಜನ್ ಅಣುವಿನ ಚತುರ್ಧ್ರುವ ಗುಣ (ಅಣುವಿನಲ್ಲಿ ವಿದ್ಯುದಾವೇಶ ಸಮನಾಗಿ ಹರಡದಿರುವುದು) ಹೈಡ್ರಾಕ್ಸಿಲ್ ಗುಂಪುಗಳ ಎದುರು ಅದನ್ನು ವಾಲಿಸಿ ನಿಲ್ಲಿಸುತ್ತದೆ, ಆರ್ಗಾನ್‌ಗೆ ಆ ತೊಂದರೆಯಿಲ್ಲ.

ಒಟ್ಟು ವಿಸ್ತೀರ್ಣ 1 ಚದರ ಮೀಟರ್‌ಗೂ ಕಡಿಮೆ ಇದ್ದರೆ ಕ್ರಿಪ್ಟಾನ್‌ಗೆ ಹೋಗಿ. 77 ಕೆಲ್ವಿನ್‌ನಲ್ಲಿ ಅದರ ಸಂತೃಪ್ತ ಒತ್ತಡ ಎರಡೂವರೆ ಟಾರ್ ಆಸುಪಾಸು. ಖಾಲಿ ಜಾಗದಲ್ಲಿ ಉಳಿಯುವ ಅಣುಗಳು ನೈಟ್ರೋಜನ್‌ಗಿಂತ ಸುಮಾರು 300 ಪಟ್ಟು ಕಡಿಮೆಯಾಗುವುದರಿಂದ, ಅಂಟಿದ ಅಲ್ಪ ಅನಿಲವೂ ಸ್ಪಷ್ಟವಾಗಿ ಕಾಣುತ್ತದೆ.

ಮರಳು ದಾರಿಯ ರೇಖೆ ಸಾಪೇಕ್ಷ ಒತ್ತಡ 0.42ರ ಕೆಳಗೂ ಹೋಗುವ ದಾರಿಗೆ ಸೇರದೆ ಉಳಿದರೆ ಸೋರಿಕೆ, ಸಾಲದ ಸಮತೋಲನ ಕಾಲ ಅಥವಾ ಅನಿಲ ಹೀರಿ ಉಬ್ಬುವ ಪುಡಿ ಇವುಗಳಲ್ಲಿ ಒಂದು ಕಾರಣ. ಖಾಲಿ ಟ್ಯೂಬನ್ನು ಓಡಿಸಿ ನೋಡಿದರೆ ಯಂತ್ರದ್ದೋ ಪುಡಿಯದ್ದೋ ಗೊತ್ತಾಗುತ್ತದೆ. ತಿಂಗಳಿಗೊಮ್ಮೆ ಪ್ರಮಾಣಿತ ಪುಡಿ ಓಡಿಸಿ. ಗ್ರಾಂಗೆ ಸುಮಾರು 55 ಚದರ ಮೀಟರ್ ಇರುವ, ಅಮೆರಿಕದ ಪ್ರಮಾಣ ಸಂಸ್ಥೆ ಎನ್‌ಐಎಸ್‌ಟಿಯ ಟೈಟಾನಿಯಂ ಡೈಆಕ್ಸೈಡ್ 1898 ಅಂಥದ್ದೊಂದು.

ಅಳತೆ ಮುಗಿದ ಮೇಲೆ ಡ್ಯೂವರ್ ಇಳಿಸಿ, ಟ್ಯೂಬ್ ಕೋಣೆಯ ತಾಪಕ್ಕೆ ಬರುವವರೆಗೆ ಕಾದು, ಹೊರಗೆ ಒರೆಸಿ, ನೈಟ್ರೋಜನ್ ತುಂಬಿ ಮತ್ತೆ ತೂಗಿ. ತೂಕ ಮೊದಲಿಗಿಂತ ಇಳಿದು, ಆ ಇಳಿಕೆ ಒಂದು ಮಿಲಿಗ್ರಾಂ ದಾಟಿದ್ದರೆ ಪುಡಿ ಹಾರಿಹೋಗಿದೆ, ಯಂತ್ರದ ಫಿಲ್ಟರ್ ತೆಗೆದು ನೋಡಿ.

ವರದಿಯಲ್ಲಿ ವಿಸ್ತೀರ್ಣದ ಜೊತೆಗೆ ಇಷ್ಟನ್ನು ಬರೆಯಿರಿ: ಡೀಗ್ಯಾಸ್ ತಾಪ, ಅವಧಿ, ಅದನ್ನು ಮಾಡಿದ್ದು ನಿರ್ವಾತದಲ್ಲೋ ಅನಿಲದ ಹರಿವಿನಲ್ಲೋ, ಡೀಗ್ಯಾಸ್ ನಂತರದ ತೂಕ, ಬಳಸಿದ ಅನಿಲ, ಅದರ ಅಣುವಿನ ವಿಸ್ತೀರ್ಣ, ಅಳೆದ ಸಂತೃಪ್ತ ಒತ್ತಡ, ಸಾಪೇಕ್ಷ ಒತ್ತಡದ ವ್ಯಾಪ್ತಿ, ಬಿಂದುಗಳ ಸಂಖ್ಯೆ, ಸಿ ಸ್ಥಿರಾಂಕ, ಸಹಸಂಬಂಧ ಗುಣಾಂಕ. ನಮ್ಮ ಅಲ್ಯೂಮಿನಾಗೆ 201.1 ಎಂದು ದಶಮಾಂಶ ಸಮೇತ ಬರೆಯುವ ಅಗತ್ಯವಿಲ್ಲ, ಗ್ರಾಂಗೆ 201 ಚದರ ಮೀಟರ್ ಎಂದರೆ ಸಾಕು.